ಗೋಡೆ ಬೆನ್ನಿಗೆ ನೀರು ನಿಂತರೆ: ಇಳಿಜಾರು ಸೈಟಿನವರಿಗೆ ಹಂತ ಹಂತದ ಮಾರ್ಗದರ್ಶಿ

"ಬೇಸಿಗೆಯಲ್ಲಿ ಜೆಸಿಬಿ ಕಡಿದಾಗ ಹತ್ತಡಿ ಮಣ್ಣು ನೆಟ್ಟಗೆ ನಿಂತಿತ್ತು ಸಾರ್. ಈಗ ಯಾಕೆ ಕುಸೀತು?"

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಈ ಫೋನ್ ಶುರು. ಒಮ್ಮೆ ಉತ್ತನಹಳ್ಳಿ ಕಡೆಯಿಂದ, ಒಮ್ಮೆ ಲಲಿತಾದ್ರಿಪುರದಿಂದ, ಒಮ್ಮೆ ಪಾಂಡವಪುರದ ನಾಲೆ ಪಕ್ಕದ ತೋಟದಿಂದ. ಊರು ಬೇರೆಯಾದರೂ ಪ್ರಶ್ನೆ ಅದೇ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆದಿದ್ದೇನೆ. ಇಳಿಜಾರು ಸೈಟಿನಲ್ಲಿ ಮನೆ ಕಟ್ಟುವವರು, ತಡೆಗೋಡೆ ಕಟ್ಟಿಸುವವರು, ಈಗಾಗಲೇ ವಾಲಿದ ಗೋಡೆ ನೋಡಿ ನಿದ್ದೆಗೆಟ್ಟವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರಬೇಕು. ತಡೆಗೋಡೆ ಅಂದರೆ ಹಿಂದಿನ ಮಣ್ಣು ಜಾರದಂತೆ ಹಿಡಿಯುವ ಗೋಡೆ. ಮೇಸ್ತ್ರಿಗಳ ಬಾಯಲ್ಲಿ ರಿಟೈನಿಂಗ್ ವಾಲ್.

ಗೋಡೆ ಎಷ್ಟು ದಪ್ಪ ಇರಬೇಕು ಎಂದು ಕೇಳುವವರು ಜಾಸ್ತಿ. ಅದರ ಹಿಂದಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ತೀರಾ ಕಡಿಮೆ. ನನ್ನ ಪ್ರಕಾರ ಎರಡನೆಯದನ್ನೇ ಮೊದಲು ಕೇಳಬೇಕು.

ಶುರು ಮಾಡುವ ಮುಂಚೆ ಇಷ್ಟು ತಿಳಿದಿರಲಿ

ಮರಳಿನಲ್ಲಿ ಮಕ್ಕಳು ಗುಬ್ಬಿಗೂಡು ಕಟ್ಟುವುದನ್ನು ನೋಡಿದ್ದೀರಲ್ವಾ? ಪೂರ್ತಿ ಒಣಗಿದ ಮರಳು ನಿಲ್ಲುವುದಿಲ್ಲ. ಸ್ವಲ್ಪ ತೇವ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಕಣಗಳ ಮಧ್ಯೆ ಇರುವ ಒಂದಿಷ್ಟು ತೇವ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಅದೇ ಗೂಡಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ, ಕುಸಿದು ಬೀಳುತ್ತದೆ. ನೀರು ಸಂದಿಗಳನ್ನೆಲ್ಲ ತುಂಬಿದ ಮೇಲೆ ಕಣಗಳನ್ನು ಎಳೆದು ಹಿಡಿಯುವ ಬದಲು ದೂರ ತಳ್ಳುತ್ತದೆ. ಕಣ ಕಣಕ್ಕೆ ಒತ್ತಿಕೊಂಡಿದ್ದರೆ ತಾನೇ ಉಜ್ಜಾಟ, ಉಜ್ಜಾಟ ಇದ್ದರೆ ತಾನೇ ಬಲ?

ನಿಮ್ಮ ಕೆಮ್ಮಣ್ಣಿನ ದಿಣ್ಣೆಯ ಕತೆಯೂ ಇದೇ. ಮಾರ್ಚ್‌ನಲ್ಲಿ ಕಡಿದಾಗ ಹದವಾದ ತೇವ ಇತ್ತು, ನಿಂತಿತು. ಅಕ್ಟೋಬರ್‌ನಲ್ಲಿ ಸಂದಿಗಳೆಲ್ಲ ನೀರು ಕುಡಿದಿವೆ. ಹೀಗೆ ತುಂಬಿದ ನೀರಿನ ಒತ್ತಡಕ್ಕೆ ಎಂಜಿನಿಯರುಗಳು ಸಂದಿನೀರಿನ ಒತ್ತಡ ಎನ್ನಬಹುದು, ಪೋರ್ ಪ್ರೆಷರ್ ಎನ್ನಬಹುದು. ಕಾರ್ಲ್ ಟೆರ್ಜಾಘಿ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಮಣ್ಣಿನ ಬಗ್ಗೆ ಈಗಿನ ಎಂಜಿನಿಯರಿಂಗ್ ಎಲ್ಲ ನಿಂತಿರುವುದು ಆ ಲೆಕ್ಕದ ಮೇಲೆ.

ಗೋಡೆಗೆ ಇದರಿಂದ ಏನಾಗುತ್ತದೆ ಎಂದು ಅಂಕಿಯಲ್ಲೇ ನೋಡೋಣ. ಹತ್ತಡಿ, ಅಂದರೆ 3 ಮೀಟರ್ ಎತ್ತರದ ಗೋಡೆ. ಹಿಂದೆ ಸಾಧಾರಣ ಗರಸು ಮಣ್ಣು, ನೀರಿಲ್ಲ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಮಣ್ಣು ಸುಮಾರು 2.7 ಟನ್ ತೂಕದಷ್ಟು ತಳ್ಳುತ್ತದೆ. ಈಗ ಅದೇ ಮಣ್ಣಿನಲ್ಲಿ ನೀರು ತಲೆಯವರೆಗೆ ತುಂಬಿತು ಅಂದುಕೊಳ್ಳಿ. ಮಣ್ಣು ನೀರಿನಲ್ಲಿ ಅರ್ಧ ತೇಲಿದಂತಾಗುವುದರಿಂದ ಅದರ ಪಾಲು 1.5 ಟನ್‌ಗೆ ಇಳಿಯುತ್ತದೆ. ನೀರಿನ ಪಾಲು 4.5 ಟನ್. ಒಟ್ಟು 6 ಟನ್. ಗೋಡೆ ಬದಲಾಗಿಲ್ಲ, ಮಣ್ಣು ಬದಲಾಗಿಲ್ಲ, ತಳ್ಳುವ ಬಲ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಮುಕ್ಕಾಲು ಪಾಲು ಬರೀ ನೀರಿನದು.

ಇನ್ನೊಂದು ಮಾತು ಕೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ನೀರಿನ ಒತ್ತಡಕ್ಕೆ ಅಗಲದ ಲೆಕ್ಕವಿಲ್ಲ, ಆಳದ ಲೆಕ್ಕ ಮಾತ್ರ. ಗೋಡೆಗೂ ಮಣ್ಣಿಗೂ ನಡುವೆ ಒಂದಿಂಚು ಸಂದಿ ಬಿಟ್ಟು, ಅದರಲ್ಲಿ ಹತ್ತಡಿ ನೀರು ನಿಂತರೂ ಒತ್ತಡ ಅಷ್ಟೇ, ಹತ್ತಡಿ ಆಳದ ಕೆರೆ ನಿಂತರೂ ಅಷ್ಟೇ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ನೀರಿಗೆ ದಾರಿ ಬಿಡದೆ ಕಟ್ಟಿದ ತಡೆಗೋಡೆ ಅಂದರೆ ನಿಮಗೆ ಗೊತ್ತಿಲ್ಲದೆ ಕಟ್ಟಿದ ಅಣೆಕಟ್ಟು. ಮಂಡ್ಯದಲ್ಲಿ ಶಾಲೆ ಮಗುವಿಗೂ ಕೆಆರ್‌ಎಸ್‌ನ ತುಂಬಿದ ಮಟ್ಟ 124.80 ಅಡಿ ಅಂತ ಬಾಯಿಪಾಠ. ನಮ್ಮ ಮನೆ ಗೋಡೆ ಹಿಂದೆ ಎಷ್ಟು ಅಡಿ ನೀರಿದೆ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ!

ಏನೇನು ಬೇಕು

ಛತ್ರಿ, ನೋಟ್‌ಬುಕ್, ಅಳತೆ ಟೇಪು, ಎರಡಿಂಚಿನ ಪಿವಿಸಿ ಪೈಪು ಒಂದೆರಡು ಉದ್ದ, ಮುಚ್ಚಳ ಇರುವ ಗಾಜಿನ ಬಾಟಲಿ, ಗಟ್ಟಿ ದಾರ, ಮೇಸ್ತ್ರಿಯ ತೂಕದ ಗುಂಡು. ಬೇಲಿ ಕಂಬಕ್ಕೆ ಗುಂಡಿ ತೋಡುವ ಆಗರ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಇದೆಲ್ಲ ಪರೀಕ್ಷೆಗೆ. ಕಟ್ಟುವ ಸಾಮಾನು ಆಮೇಲೆ ಹೇಳುತ್ತೇನೆ.

ಹಂತ 1: ನೀರು ಎಲ್ಲಿಂದ ಬರುತ್ತಿದೆ, ಪತ್ತೆ ಮಾಡಿ

ಮಳೆ ಜೋರಾಗಿ ಸುರಿಯುವಾಗ ಛತ್ರಿ ಹಿಡಿದು ಸೈಟಿನ ಮೇಲ್ಭಾಗಕ್ಕೆ ಹೋಗಿ. ಹಿಂದಿನ ರಸ್ತೆಯ ನೀರು ಎಲ್ಲಿ ನಿಮ್ಮ ಕಡೆ ತಿರುಗುತ್ತದೆ, ಪಕ್ಕದ ಮನೆ ತಾರಸಿ ಪೈಪು ಎಲ್ಲಿ ಬಿಡುತ್ತದೆ, ಎಲ್ಲಿ ನೀರು ಹರಿಯದೆ ನಿಂತು ಇಂಗುತ್ತದೆ, ಬರೆದುಕೊಳ್ಳಿ. ಒಣ ದಿನ ಹೋಗಿ ನೋಡಿದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. 30-40 ಸೈಟಿನ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ಮಲೆನಾಡಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಸಂಜೆ ಹೊತ್ತು ಧೋ ಅಂತ ಸುರಿಯುತ್ತದೆ.

ಮಳೆ ಬಿಟ್ಟರೆ ಉಳಿದ ಕಳ್ಳರು ಇವರು: ಸೋರುವ ಸಂಪು, ಒಡೆದ ನಲ್ಲಿ ಪೈಪು, ಶೌಚದ ಗುಂಡಿ, ಮೇಲಿನವರ ಗಾರ್ಡನ್ ನೀರು. ಮಂಡ್ಯ ಕಡೆ ಮೇಲೆ ಕಬ್ಬಿನ ಗದ್ದೆ, ಕೆಳಗೆ ಮನೆ ಇದ್ದರೆ ಬೇರೆ ಹುಡುಕುವುದೇ ಬೇಡ. ಸಂಪನ್ನು ಪರೀಕ್ಷಿಸುವುದು ಸುಲಭ. ರಾತ್ರಿ ಎಲ್ಲ ವಾಲ್ವ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಗ್ಗೆ ಗೆರೆಗಿಂತ ನೀರು ಕೆಳಗಿದ್ದರೆ ಉತ್ತರ ಸಿಕ್ಕಿತು.

ಇಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. "ನಮ್ಮ ಬೋರ್ 400 ಅಡಿಗೂ ಬತ್ತಿದೆ. ಗೋಡೆ ಹಿಂದೆ ಅಂತರ್ಜಲ ಎಲ್ಲಿಂದ ಬರಬೇಕು?" ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ಇರುವಂಥದ್ದು. ನಮ್ಮ ಕಡೆ ನೆಲದಡಿ ಗಟ್ಟಿ ಬಂಡೆ, ಅದರ ಮೇಲೆ ಕೊಳೆತು ಪುಡಿಯಾದ ಬಂಡೆ, ಅದರ ಮೇಲೆ ಮಣ್ಣು. ಇಂಗಿದ ಮಳೆನೀರು ಗಟ್ಟಿ ಪದರ ಸಿಕ್ಕಲ್ಲಿ ಕೆಳಗಿಳಿಯಲಾಗದೆ ಅದರ ಮೇಲೇ ಕೂತು, ಇಳಿಜಾರಿನ ಕಡೆ ಹರಿಯುತ್ತದೆ. ಬೋರ್ ಬತ್ತಿದ ಊರಿನಲ್ಲೂ ಆರಡಿ ಆಳದಲ್ಲಿ ಒಂದು ತಿಂಗಳು ನೀರು ನಿಲ್ಲಬಹುದು. ಗೋಡೆ ಬೀಳಿಸುವುದು ಈ ನೀರು. ಮಣ್ಣು ಜಾರುವುದೂ ಸಾಮಾನ್ಯವಾಗಿ ಈ ಗಟ್ಟಿ ಪದರದ ನೆತ್ತಿಯ ಮೇಲೆಯೇ.

ಹಂತ 2: ಮಟ್ಟ ಅಳೆಯಿರಿ

ಎರಡಿಂಚಿನ ಪಿವಿಸಿ ಪೈಪಿನ ಕೆಳಗಿನ ಎರಡು-ಮೂರು ಅಡಿಗೆ ಸಣ್ಣ ಸಣ್ಣ ತೂತು ಕೊರೆಯಿರಿ. ತೂತಿರುವ ಭಾಗಕ್ಕೆ ಫಿಲ್ಟರ್ ಬಟ್ಟೆ ಸುತ್ತಿ. ಗೋಡೆಯ ಪಾಯದ ಆಳಕ್ಕೆ ಗುಂಡಿ ತೋಡಿ, ಪೈಪು ಇಳಿಸಿ, ತೂತಿನ ಭಾಗದ ಸುತ್ತ ಸಣ್ಣ ಜಲ್ಲಿ ತುಂಬಿ. ಮೇಲಿನ ಒಂದಡಿಗೆ ಜೇಡಿಮಣ್ಣು ಬಿಗಿಯಾಗಿ ಜಡಿಯಿರಿ. ಇಲ್ಲದಿದ್ದರೆ ಮಳೆ ನೀರು ನೇರ ಪೈಪಿನ ಪಕ್ಕದಲ್ಲೇ ಇಳಿದು ಸುಳ್ಳು ಮಟ್ಟ ತೋರಿಸುತ್ತದೆ. ಬಾಯಿಗೆ ಕ್ಯಾಪ್ ಹಾಕಿ.

ಅಳೆಯುವುದು ಹೇಗೆ? ದಾರದ ತುದಿಗೆ ಒಂದು ನಟ್ ಕಟ್ಟಿ ಇಳಿಬಿಡಿ. ನೀರಿಗೆ ತಾಗಿದಾಗ 'ಟಪ್' ಅನ್ನುತ್ತದೆ. ದಾರ ಹಿಡಿದಲ್ಲಿ ಬೆರಳಿಟ್ಟು ಮೇಲೆತ್ತಿ ಟೇಪಿನಲ್ಲಿ ಅಳೆಯಿರಿ. ವಾರಕ್ಕೊಮ್ಮೆ ಸಾಕು, ಜೋರು ಮಳೆ ಆದ ಮೇಲೆ ನಾಲ್ಕೈದು ದಿನ ದಿನವೂ ಬರೆಯಿರಿ. ಮಳೆ ನಿಂತ ಮಾರನೇ ದಿನ ಮಟ್ಟ ಇನ್ನೂ ಏರುತ್ತಿರುವುದು ಕಾಣಿಸಬಹುದು. ಮೇಲಿನಿಂದ ಇಂಗಿದ ನೀರು ಬಂದು ತಲುಪಲು ಹೊತ್ತು ಬೇಕಲ್ಲ. ಬಿಸಿಲು ಬಂದ ಮೇಲೂ ದಿಣ್ಣೆ ಕುಸಿಯುವುದು ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ. ಈಗಾಗಲೇ ವಾಲಿರುವ ಗೋಡೆಯ ಬೆನ್ನಿಗೆ ಅಂಟಿಕೊಂಡು ಗುಂಡಿ ತೋಡಬೇಡಿ. ಗೋಡೆ ಎಷ್ಟು ಎತ್ತರವೋ ಅಷ್ಟು ದೂರ ಬಿಡಿ.

ಪೈಪು ಹಾಕಿದ್ದರಿಂದ ಒಂದು ದೊಡ್ಡ ಉಪಕಾರ: ಪೈಪಿನಲ್ಲಿ ನೀರು ಗೋಡೆಯ ಕಿಂಡಿಗಿಂತ (ಹಿಂದಿನ ನೀರು ಹೊರಬರಲು ಗೋಡೆಯಲ್ಲಿ ಬಿಟ್ಟ ತೂತು) ತುಂಬಾ ಮೇಲಿದೆ, ಆದರೆ ಕಿಂಡಿ ಒಣಗಿದೆ ಅಂದರೆ ಕಿಂಡಿ ಕಟ್ಟಿಕೊಂಡಿದೆ ಎಂದು ಲೆಕ್ಕ. "ನಮ್ಮ ಗೋಡೇಲಿ ನೀರೇ ಬರಲ್ಲ, ತುಂಬಾ ಚೆನ್ನಾಗಿದೆ" ಎಂದು ಹೆಮ್ಮೆ ಪಡುವವರು ಇದನ್ನು ಒಮ್ಮೆ ನೋಡಬೇಕು.

ಹಂತ 3: ಮಣ್ಣಿನ ಜಾತಿ ನೋಡಿ

ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದಕ್ಕೆ ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನವಿರು ಮಣ್ಣು. ಜೇಡಿ ಕೂರಲು ಒಂದು ದಿನವೂ ಹಿಡಿಯಬಹುದು. ಜೇಡಿ ಜಾಸ್ತಿ ಇದ್ದಷ್ಟೂ ನೀರು ಬಿಟ್ಟುಕೊಡುವುದು ನಿಧಾನ.

ಮೈಸೂರಿನ ಸುತ್ತ ಬಹುಪಾಲು ಕೆಮ್ಮಣ್ಣು, ಗರಸು. ಇದು ಪರವಾಗಿಲ್ಲ. ನಂಜನಗೂಡು, ತಿ. ನರಸೀಪುರದ ಕಡೆ ಅಲ್ಲಲ್ಲಿ ಸಿಗುವ ಕಪ್ಪು ಎರೆಮಣ್ಣು ಮಾತ್ರ ಬೇರೆಯೇ ತಳಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಾರನೇ ಮಳೆಗೆ ಆ ಬಿರುಕೇ ನೀರಿಗೆ ಹೆದ್ದಾರಿ. ಎರೆಮಣ್ಣನ್ನು ಗೋಡೆ ಹಿಂದೆ ತುಂಬಲೇಬೇಡಿ. ಪಾಯ ತೋಡಿದ ಮಣ್ಣು ಅಲ್ಲೇ ಇದೆ, ಸಾಗಿಸುವ ಖರ್ಚು ಉಳಿಯಿತು ಎಂದು ಕಂಟ್ರ್ಯಾಕ್ಟರ್ ಅದನ್ನೇ ತಳ್ಳುತ್ತಾರೆ. ಆ ದಿನ ನೀವು ಸೈಟಿನಲ್ಲಿರಿ.

ಹಂತ 4: ಮೇಲಿನ ನೀರನ್ನು ಮೇಲೇ ತಿರುಗಿಸಿ

ದುಡ್ಡು ಕಡಿಮೆ, ಲಾಭ ಜಾಸ್ತಿ ಇರುವ ಹಂತ ಇದು. ಇಳಿಜಾರಿನ ನೆತ್ತಿಯಲ್ಲಿ, ಅಂಚಿನಿಂದ ಸ್ವಲ್ಪ ಹಿಂದಕ್ಕೆ, ಅಡ್ಡಕ್ಕೆ ಒಂದು ಚರಂಡಿ ತೆಗೆದು ಪಕ್ಕಕ್ಕೆ ಹರಿಸಿ. ಚರಂಡಿಗೆ ಸಿಮೆಂಟ್ ಅಥವಾ ಕಲ್ಲು ಹಾಸಲೇಬೇಕು. ಸುಮ್ನೆ ಗುದ್ದಲಿಯಲ್ಲಿ ಕೆತ್ತಿ ಬಿಟ್ಟ ಮಣ್ಣಿನ ಚರಂಡಿ ನೀರನ್ನು ತಿರುಗಿಸುವುದಕ್ಕಿಂತ ಇಂಗಿಸುವುದೇ ಜಾಸ್ತಿ. ತಾರಸಿ ಪೈಪುಗಳನ್ನು ಮುಚ್ಚಿದ ಪೈಪಿನಲ್ಲೇ ರಸ್ತೆ ಮೋರಿಯವರೆಗೆ ಒಯ್ಯಿರಿ.

ಇತ್ತೀಚೆಗೆ ಜಾಸ್ತಿ ಕಾಣುತ್ತಿರುವ ತಪ್ಪು ಇಂಗುಗುಂಡಿಯದು. ಮಳೆನೀರು ಇಂಗಿಸುವುದು ಒಳ್ಳೆಯ ಕೆಲಸವೇ. ಆದರೆ ಸೈಟಿನಲ್ಲಿ ಉಳಿದ ಮೂಲೆ ಅಂದರೆ ತಡೆಗೋಡೆಯ ಹಿಂದಿನ ಮೂಲೆ, ಗುಂಡಿಯನ್ನು ಅಲ್ಲೇ ತೋಡುತ್ತಾರೆ! ಇಡೀ ಮನೆಯ ತಾರಸಿ ನೀರನ್ನು ಗೋಡೆ ಬೆನ್ನಿಗೆ ಕುಡಿಸಿದ ಹಾಗಾಯಿತು. ಇಂಗುಗುಂಡಿ ಗೋಡೆಯ ಕೆಳಗಿನ ಕಡೆ, ಪಾಯದಿಂದ ದೂರ ಇರಲಿ. ಜಾಗ ಇಲ್ಲವೇ? ಇಂಗಿಸಬೇಡಿ, ಡ್ರಮ್ಮಿನಲ್ಲೋ ಸಂಪಿನಲ್ಲೋ ಹಿಡಿದಿಟ್ಟು ಬಳಸಿ.

ನೆತ್ತಿಯ ಮೇಲೆ ಉದ್ದುದ್ದ ಬಿರುಕು ಕಂಡರೆ ಅದನ್ನು ಹಾಗೇ ಬಿಡಬಾರದು. ಐದಡಿ ಆಳದ ಬಿರುಕಿನಲ್ಲಿ ನೀರು ತುಂಬಿದರೆ ಪ್ರತಿ ಮೀಟರ್ ಉದ್ದಕ್ಕೆ ಒಂದು ಟನ್ನಿಗೂ ಜಾಸ್ತಿ ಬಲದಲ್ಲಿ ಮಣ್ಣನ್ನು ಹೊರಕ್ಕೆ ನೂಕುತ್ತದೆ. ಜೇಡಿಮಣ್ಣು ಜಡಿದು ಮುಚ್ಚಿ, ಮೇಲೆ ಟಾರ್ಪಾಲ್ ಹಾಸಿ, ಆಮೇಲೆ ಎಂಜಿನಿಯರ್‌ಗೆ ತೋರಿಸಿ.

ಹಂತ 5: ಗೋಡೆಯ ಬೆನ್ನು ಸರಿಯಾಗಿ ಕಟ್ಟಿ

ಐದಡಿಗಿಂತ ಎತ್ತರದ ಗೋಡೆಯಾದರೆ ವಿನ್ಯಾಸವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಿ. ಗೋಡೆ ಮೇಲೆ ಮನೆಯೋ ರಸ್ತೆಯೋ ಇದ್ದರೆ ಎತ್ತರ ಕಡಿಮೆ ಇದ್ದರೂ ಮಾಡಿಸಿ. ಇದರಲ್ಲಿ ಚೌಕಾಸಿ ಬೇಡ. ಕೊಟ್ಟ ಡ್ರಾಯಿಂಗಿನಲ್ಲಿ "ನೀರಿನ ಮಟ್ಟ ಎಲ್ಲಿ ಅಂತ ಹಿಡಿದಿದ್ದೀರಿ ಸಾರ್?" ಎಂದು ಒಂದು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಇನ್ನೊಬ್ಬರನ್ನು ನೋಡಿ. ಗೋಡೆ ಯಾವುದೇ ಆಗಿರಲಿ, ಸೈಜುಗಲ್ಲಿನದಾಗಲಿ ಕಾಂಕ್ರೀಟಿನದಾಗಲಿ, ಬೆನ್ನಿನ ಕೆಲಸ ಹೀಗಿರಬೇಕು:

1. ಪಾಯದ ಮಟ್ಟದಲ್ಲಿ, ಗೋಡೆಗೆ ತಾಗಿದಂತೆ ನಾಲ್ಕಿಂಚಿನ ತೂತಿನ ಪೈಪು ಹಾಸಿ. ನೂರಡಿಗೆ ಒಂದಡಿಯಾದರೂ ಇಳಿಜಾರು ಕೊಡಿ. ತೂತುಗಳು ಕೆಳಮುಖವಾಗಿರಬೇಕು. ಮೇಲ್ಮುಖ ಅಲ್ಲವಾ ಅಂತ ಮೇಸ್ತ್ರಿ ಜಗಳಕ್ಕೆ ಬರುತ್ತಾರೆ. ನೀರು ಕೆಳಗಿನಿಂದ ತುಂಬಿಕೊಂಡು ಮೇಲೇರುತ್ತದೆ, ತೂತು ಕೆಳಗಿದ್ದರೆ ಬೇಗ ಒಳಬರುತ್ತದೆ. ಪೈಪಿನ ಬಾಯಿ ಹೊರಗಿನ ಮೋರಿಗೆ ತೆರೆದಿರಲಿ. ಇನ್ನೊಂದು ತುದಿಯನ್ನು ಮೇಲಕ್ಕೆ ತಂದು ಕ್ಯಾಪ್ ಹಾಕಿದರೆ ಮುಂದೆ ಕಟ್ಟಿಕೊಂಡಾಗ ನೀರು ಬಿಟ್ಟು ತೊಳೆಯಬಹುದು.

2. ಗೋಡೆ ಬೆನ್ನಿಗೆ ಒಂದಡಿ ದಪ್ಪ 20ರಿಂದ 40 ಎಂಎಂ ಜಲ್ಲಿ, ಪಾಯದಿಂದ ಶುರುವಾಗಿ ಮೇಲಿನ ಒಂದಡಿ ಬಿಟ್ಟು. ಡಸ್ಟ್ ಬೆರೆತ ಜಲ್ಲಿ ಬೇಡ, ತೊಳೆದ ಹಾಗೆ ಇರಬೇಕು.

3. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್. ಕಂಬಳಿಯಂತೆ ಕಾಣುವ, ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಇದು. ಖರ್ಚು ಉಳಿಸಲು ಗೊಬ್ಬರದ ಚೀಲ ಕತ್ತರಿಸಿ ಹಾಕುತ್ತಾರೆ, ಅದು ಕಟ್ಟಿಕೊಳ್ಳುತ್ತದೆ. ಶೇಡ್ ನೆಟ್ ಹಾಕುತ್ತಾರೆ, ಅದರ ಕಣ್ಣಲ್ಲಿ ಮಣ್ಣೆಲ್ಲ ತೂರಿಬಿಡುತ್ತದೆ. ಗೋಣಿ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ.

4. ಗೋಡೆಯಲ್ಲಿ ನೀರುಕಿಂಡಿ, ಮೇಸ್ತ್ರಿಗಳು ವೀಪ್ ಹೋಲ್ ಅನ್ನುವುದು. ಮೂರಿಂಚಿನ ಪಿವಿಸಿ ತುಂಡು, ಹೊರಕ್ಕೆ ಓರೆ. ಮೊದಲ ಸಾಲು ಹೊರಗಿನ ನೆಲದಿಂದ ಅರ್ಧ-ಒಂದಡಿ ಮೇಲೆ. ಆಮೇಲೆ ಅಡ್ಡಕ್ಕೂ ಮೇಲಕ್ಕೂ 1ರಿಂದ 1.5 ಮೀಟರ್‌ಗೆ ಒಂದು, ಒಂದು ಸಾಲಿನದು ಇನ್ನೊಂದು ಸಾಲಿನ ನಡುವೆ ಬರುವಂತೆ. ಒಳಬಾಯಿಗೆ ಜಾಲರಿ.

5. ಮಣ್ಣನ್ನು ಅರ್ಧ-ಮುಕ್ಕಾಲು ಅಡಿ ಪದರ ಹಾಕಿ, ಪ್ರತಿ ಪದರ ದಮ್ಮಸು ಮಾಡಿ. ಗೋಡೆ ಹತ್ತಿರ ಕೈ ದಮ್ಮಸು ಅಥವಾ ಸಣ್ಣ ಮೆಷಿನ್ನು ಮಾತ್ರ. ಹಸಿ ಗೋಡೆ ಹಿಂದೆ ಟಿಪ್ಪರ್ ರಿವರ್ಸ್ ತಂದು ಲೋಡ್ ಸುರಿಯುವುದನ್ನು ನಿಲ್ಲಿಸಿ.

6. ಮೇಲಿನ ಒಂದಡಿಗೆ ಬಿಗಿ ಮಣ್ಣು ಜಡಿದು, ಗೋಡೆಯಿಂದ ದೂರಕ್ಕೆ ಇಳಿಜಾರು ಮಾಡಿ. ಮೇಲಿನಿಂದ ಬಿದ್ದ ನೀರು ನೇರ ಜಲ್ಲಿಗೆ ಇಳಿಯಬಾರದು.

ಕಿಂಡಿಯ ವಿಷಯದಲ್ಲಿ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳಡಿ ಗೋಡೆಯೊಂದನ್ನು ನಿಂತು ಕಟ್ಟಿಸಿದ್ದೆ. ಕಿಂಡಿ ಎಣಿಸಿದ್ದೆ, ಹದಿನಾಲ್ಕು. ಮೊದಲ ಮಳೆಗೇ ಗೋಡೆ ನಡುವೆ ಬಸುರಿ ಹೊಟ್ಟೆಯಂತೆ ಉಬ್ಬಿತು. ಕಬ್ಬಿಣದ ಸರಳು ಚುಚ್ಚಿ ನೋಡಿದರೆ ಹದಿನಾಲ್ಕರಲ್ಲಿ ಹನ್ನೊಂದರ ಒಳಬಾಯಿಗೆ ಗಾರೆ ಬಿದ್ದು ಗಟ್ಟಿಯಾಗಿತ್ತು. ಹೊರಗಿನಿಂದ ಮಾತ್ರ ಹದಿನಾಲ್ಕೂ ದುಂಡಗೆ ಚೆಂದ ಕಾಣುತ್ತಿದ್ದವು. ಅಂದಿನಿಂದ ಹಿಂದೆ ಜಲ್ಲಿ ತುಂಬುವ ಮುಂಚೆ ಪ್ರತಿ ಕಿಂಡಿಯಲ್ಲೂ ಟಾರ್ಚ್ ಬಿಟ್ಟು ಆಚೆಯಿಂದ ಬೆಳಕು ನೋಡುತ್ತೇನೆ. ನೀವೂ ನೋಡಿ.

ಹಳೆಯ ಒಣಕಲ್ಲು ಗೋಡೆ, ಅಂದರೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ಇರುವವರಿಗೂ ಒಂದು ಮಾತು. ಅದರ ಪ್ರತಿ ಸಂದಿಯೂ ಕಿಂಡಿಯೇ. ಅಜ್ಜನ ಕಾಲದಿಂದ ಅದು ನಿಂತಿರುವುದೇ ಆ ಸಂದಿಗಳಿಂದ. ಗೃಹಪ್ರವೇಶಕ್ಕೆ ಚೆಂದ ಕಾಣಲಿ ಅಂತ ಅದಕ್ಕೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಬೇಡಿ. ಹಳೆ ಗೋಡೆ ಅಂದಾಗ ನೆನಪಾಯಿತು: 2022ರ ಅಕ್ಟೋಬರ್ ಮಳೆಯಲ್ಲಿ ಮೈಸೂರು ಅರಮನೆಯ ಕೋಟೆ ಗೋಡೆಯದೇ ಒಂದು ಭಾಗ ಕುಸಿದಿತ್ತು. ಎಷ್ಟೇ ದಪ್ಪದ ಗೋಡೆಯಾದರೂ ಒಡಲಿಗೆ ನೀರು ಇಳಿಯದಂತೆ ನೋಡಿಕೊಳ್ಳಲೇಬೇಕು.

ಹಂತ 6: ಗೋಡೆಯೇ ಇಲ್ಲದ ಇಳಿಜಾರು

ಜಾಗ ಇದ್ದರೆ ಗೋಡೆ ಕಟ್ಟುವುದಕ್ಕಿಂತ ಇಳಿಜಾರನ್ನು ಚಪ್ಪಟೆ ಮಾಡುವುದೇ ಒಳ್ಳೆಯದು. ಎಷ್ಟು ಚಪ್ಪಟೆ? ಅಂಟಿಲ್ಲದ ಮರಳು ಮಣ್ಣು ಒಣಗಿದ್ದಾಗ ಸುಮಾರು 30 ಡಿಗ್ರಿಯಲ್ಲಿ, ಅಂದರೆ ಒಂದಡಿ ಎತ್ತರಕ್ಕೆ ಒಂದೂಮುಕ್ಕಾಲು ಅಡಿ ಅಡ್ಡ ಇದ್ದರೆ ಇನ್ನೇನು ಜಾರಬೇಕು ಎಂಬಂತೆ ನಿಲ್ಲುತ್ತದೆ. ಅದೇ ಮಣ್ಣು ನೀರು ತುಂಬಿ, ನೀರು ಇಳಿಜಾರಿನ ಉದ್ದಕ್ಕೆ ಹರಿಯತೊಡಗಿದರೆ ಸುಮಾರು 16 ಡಿಗ್ರಿಗೇ ಜಾರುತ್ತದೆ. ಒಂದಡಿಗೆ ಮೂರೂವರೆ ಅಡಿ ಅಡ್ಡ ಬೇಕಾಯಿತು. ಕೆಮ್ಮಣ್ಣಿಗೆ ಅಂಟು ಇರುವುದರಿಂದ ಇದಕ್ಕಿಂತ ಕಡಿದಾಗಿ ನಿಲ್ಲುತ್ತದೆ. ಆದರೆ ಆ ಅಂಟಿನ ಒಂದು ಪಾಲು ಬರೀ ತೇವದ ಸಾಲ, ಮಳೆ ಬಂದಾಗ ತೀರಿಸಬೇಕಾಗುತ್ತದೆ.

ಎತ್ತರದ ದಿಣ್ಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಪ್ರತಿ ಮೆಟ್ಟಿಲಿಗೆ ಹಿಂದೊಂದು ಚರಂಡಿ. ಬರಿ ಮಣ್ಣಿನ ಮೇಲೆ ಲಾವಂಚ ನೆಡಿ. ಅದರ ಬೇರು ಅಡ್ಡಕ್ಕೆ ಹರಡುವುದಕ್ಕಿಂತ ನೇರ ಆಳಕ್ಕೆ ಹೋಗುತ್ತದೆ, ಮಣ್ಣನ್ನು ಹೊಲಿದ ಹಾಗೆ. ಆದರೆ ಬೇರು ತಲುಪದ ಆಳದಲ್ಲಿ ಜಾರುವ ಪದರ ಇದ್ದರೆ ಲಾವಂಚ ಏನೂ ಮಾಡಲಾರದು. ಇಳಿಜಾರಿನ ಬುಡದಲ್ಲಿ ಸದಾ ಒಸರುವ ಜಾಗ ಇದ್ದರೆ ಅಡ್ಡ ಬೋರ್ ಕೊರೆದು, ಹೊರಕ್ಕೆ ಸ್ವಲ್ಪ ಓರೆಯಾಗಿ ತೂತಿನ ಪೈಪು ತೂರಿಸಿ ನೀರು ಹೊರತೆಗೆಯಬಹುದು. ಅದು ತಿಳಿದವರ ಕೆಲಸ.

ಮಾಡಲೇಬಾರದ್ದು: ಬುಡ ಕಡಿಯುವುದು. ಕಾರ್ ನಿಲ್ಲಿಸಲು ಮೂರಡಿ ಜಾಗ ಬೇಕು ಎಂದು ಇಳಿಜಾರಿನ ಕಾಲು ಕಡಿದರೆ ಮೇಲಿನದಕ್ಕೆ ಆಧಾರ ಯಾರು? ಕಡಿದ ಮಣ್ಣನ್ನು ನೆತ್ತಿಗೆ ಸುರಿಯುವುದು ಅದಕ್ಕಿಂತ ದೊಡ್ಡ ತಪ್ಪು. 2021ರಲ್ಲಿ ಚಾಮುಂಡಿ ಬೆಟ್ಟದ ನಂದಿಗೆ ಹೋಗುವ ರಸ್ತೆ ಕುಸಿದದ್ದು ನೆನಪಿದೆಯಲ್ವಾ? ಆಗಲೂ ಬಿಡದೆ ಸುರಿದ ಅಕ್ಟೋಬರ್-ನವೆಂಬರ್ ಮಳೆ. ಬೆಟ್ಟದ ಬದಿ ಕಡಿದು ಮಾಡಿದ ಯಾವ ರಸ್ತೆಗೂ ಮೇಲಿನ ಚರಂಡಿಯೇ ಪ್ರಾಣ. ನಿಮ್ಮ ಸೈಟಿಗೆ ಹೋಗುವ ಹತ್ತಡಿ ರಸ್ತೆಗೂ ಅಷ್ಟೇ.

ಹಂತ 7: ನಾಲೆ, ಕೆರೆ ಏರಿ ಪಕ್ಕದವರಿಗೆ

ಮೈಸೂರಿನ ಸೈಟುದಾರರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಮಂಡ್ಯದವರು ಓದಿ.

ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುವಾಗ ಏರಿ ಗಟ್ಟಿಯಾಗಿರುತ್ತದೆ. ನೀರು ನಿಲ್ಲಿಸಿದ ಮೇಲೆ ನಾಲೆಯೊಳಗಿನ ಏರಿ ಜರಿಯುತ್ತದೆ. ಇದು ಉಲ್ಟಾ ಅನ್ನಿಸಬಹುದು. ನೀರಿದ್ದಾಗ ನಾಲೆಯ ನೀರೇ ಏರಿಯನ್ನು ಒತ್ತಿ ಹಿಡಿದಿರುತ್ತದೆ. ನೀರು ಸರ್ರನೆ ಇಳಿದರೆ ಆ ಆಸರೆ ಹೋಯಿತು, ಆದರೆ ಏರಿಯ ಮಣ್ಣಿನೊಳಗೆ ಹೊಕ್ಕ ನೀರು ಅಷ್ಟು ಬೇಗ ಹೊರಬರಲಿಲ್ಲ. ಒಳಗಿನ ನೀರು ಹೊರಕ್ಕೆ ತಳ್ಳುತ್ತದೆ, ತಡೆಯುವವರಿಲ್ಲ. ತೋಟದ ಕೃಷಿಹೊಂಡದಲ್ಲೂ ಹೀಗೇ ಆಗುತ್ತದೆ. ತುಂಬಿದ ಹೊಂಡವನ್ನು ದೊಡ್ಡ ಮೋಟಾರು ಇಟ್ಟು ಒಂದೇ ದಿನದಲ್ಲಿ ಖಾಲಿ ಮಾಡಬೇಡಿ. ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ನೀರು ನಿಲ್ಲಿಸಿದ ಮೊದಲ ಕೆಲವು ದಿನ ನಾಲೆ ಏರಿಯ ಅಂಚಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಬೇಡಿ.

ಏರಿಯ ಹೊರಬುಡದಲ್ಲಿ ನೀರು ಒಸರುತ್ತಿದ್ದರೆ ಅದರ ಬಣ್ಣ ನೋಡಿ. ಒಂದು ಲೋಟಕ್ಕೆ ಹಿಡಿದು ಬಿಸಿಲಿಗೆ ಎತ್ತಿ. ತಿಳಿಯಾಗಿದ್ದರೆ ಮಣ್ಣು ಕೊಚ್ಚಿ ಬರುತ್ತಿಲ್ಲ, ದಿನವೂ ಗಮನಿಸಿ. ಬಗ್ಗಡ ಬರುತ್ತಿದ್ದರೆ ಒಳಗೆ ಬಿಲ ಕೊರೆಯುತ್ತಾ ಬರುತ್ತಿದೆ ಎಂದರ್ಥ. ಕೂಡಲೇ ನೀರಾವರಿ ನಿಗಮದ ಎಂಜಿನಿಯರ್‌ಗೆ ಫೋನ್ ಮಾಡಿ, ಕೆಳಗಿನ ಮನೆಯವರಿಗೆ ಹೇಳಿ. ಅಲ್ಲಿಯವರೆಗೆ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಲು ಹೋಗಬೇಡಿ. ಮುಚ್ಚಿದರೆ ಇನ್ನೊಂದು ಕಡೆ ಒಡೆಯುತ್ತದೆ. ಅದರ ಮೇಲೆ ಮೊದಲು ಮರಳು, ಆಮೇಲೆ ಜಲ್ಲಿ ಹೇರಿ. ನೀರು ಬರಲಿ, ಮಣ್ಣು ಬರಬಾರದು.

ಹಂತ 8: ಇರುವ ಗೋಡೆಯನ್ನು ವರ್ಷಕ್ಕೆರಡು ಸಲ ನೋಡಿ

ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಗೌರಿ ಹಬ್ಬದ ಹೊತ್ತಿಗೆ ಒಮ್ಮೆ. ಕಿಂಡಿಗಳಿಗೆ ಸರಳು ಚುಚ್ಚಿ ಬಿಡಿಸಿ. ಗೋಡೆ ನೆತ್ತಿಯಿಂದ ತೂಕದ ಗುಂಡು ಇಳಿಬಿಟ್ಟು ಬುಡದಲ್ಲಿ ಎಷ್ಟು ಅಂತರ ಇದೆ ಅಳೆದು, ಗೋಡೆಗೇ ಪೇಂಟಿನಲ್ಲಿ ತಾರೀಖಿನ ಜತೆ ಬರೆಯಿರಿ. ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ. ವಾಲಿದ ಗೋಡೆ ಹತ್ತು ವರ್ಷದಿಂದ ಅಷ್ಟೇ ವಾಲಿದ್ದರೆ ಒಂದು ಕತೆ, ಈ ವರ್ಷ ಅರ್ಧ ಇಂಚು ಜಾಸ್ತಿ ಆಗಿದ್ದರೆ ಬೇರೆ ಕತೆ.

ಬುಡದ ಮುಂದೆ ಯಾರಾದರೂ ಒಳಚರಂಡಿಗೋ ಕೇಬಲ್ಲಿಗೋ ಕಾಲುವೆ ತೋಡುತ್ತಿದ್ದರೆ ಓಡಿ ಹೋಗಿ ನಿಲ್ಲಿಸಿ. ಮುಂದಿನ ಮಣ್ಣು ಗೋಡೆಯ ಕಾಲು ಹಿಡಿದಿರುತ್ತದೆ. ತೋಡಲೇಬೇಕಾದರೆ ಒಮ್ಮೆಗೆ ಏಳೆಂಟು ಅಡಿ ತೋಡಿ, ಮುಚ್ಚಿ, ಆಮೇಲೆ ಮುಂದಿನದು. ಅದೂ ಒಣ ದಿನಗಳಲ್ಲಿ.

ಈ ಗುರುತು ಕಂಡರೆ ಅಳತೆ ಬಿಟ್ಟು ಜಾಗ ಖಾಲಿ ಮಾಡಿ: ತಿಳಿನೀರು ಬರುತ್ತಿದ್ದ ಕಿಂಡಿಯಿಂದ ದಿಢೀರ್ ಕೆಸರು ಬರುವುದು, ಸದಾ ಹರಿಯುತ್ತಿದ್ದ ಕಿಂಡಿ ಮಳೆಯ ನಡುವೆ ನಿಂತುಹೋಗುವುದು, ಮೇಲಿನ ನೆಲದಲ್ಲಿ ಹೊಸ ಬಿರುಕು, ಗೇಟು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಗೋಡೆ ಕಡೆಯ ಕೋಣೆಯಲ್ಲಿ ಆ ರಾತ್ರಿ ಯಾರೂ ಮಲಗಬಾರದು. ಕಾರು ತೆಗೆಯಲೂ ಗೋಡೆ ಕೆಳಗೆ ಹೋಗಬೇಡಿ. ಮರದ ದಿಮ್ಮಿ ಆನಿಸಿ ನಿಲ್ಲಿಸೋಣ ಎಂದು ಹೊರಡುವವರು ಇರುತ್ತಾರೆ. ಆರು ಟನ್ನಿನ ಲೆಕ್ಕ ಅವರಿಗೆ ಹೇಳಿ.

ಉಳಿದ ಒಂದು ಪ್ರಶ್ನೆ: "ಕಿಂಡಿ ಬಿಟ್ಟರೆ ನೀರು ಪಕ್ಕದವರ ಸೈಟಿಗೆ ಬೀಳುತ್ತಲ್ಲ?"

ಬೀಳುತ್ತದೆ. ಎಷ್ಟೋ ಗೋಡೆಗಳ ಕಿಂಡಿ ಮುಚ್ಚಿರುವುದು ಮಣ್ಣಿನಿಂದಲ್ಲ, ಕೆಳಗಿನ ಮನೆಯವರು ಸಿಟ್ಟಿನಲ್ಲಿ ಸಿಮೆಂಟ್ ಮೆತ್ತಿದ್ದರಿಂದ. ಗಡಿಗೆ ಸರಿಯಾಗಿ ಗೋಡೆ ಕಟ್ಟಿ ಅವರ ಅಂಗಳಕ್ಕೆ ನೀರು ಬಿಟ್ಟರೆ ಅವರು ತಾನೇ ಏನು ಮಾಡಿಯಾರು? ಗೋಡೆಯನ್ನು ನಿಮ್ಮ ಕಡೆಗೆ ಒಂದಡಿ ಒಳಗೆ ಕಟ್ಟಿ. ಆ ಒಂದಡಿಯಲ್ಲಿ ಗೋಡೆ ಬುಡದುದ್ದಕ್ಕೂ ಸಣ್ಣ ಸಿಮೆಂಟ್ ಚರಂಡಿ ಮಾಡಿ ಮೋರಿಗೆ ಸೇರಿಸಿ. ಒಂದಡಿ ಜಾಗ ಹೋಯಿತಲ್ಲ ಎಂದು ಮನೆಯಲ್ಲಿ ಬೈಯುತ್ತಾರೆ, ಬೈಸಿಕೊಳ್ಳಿ. ಪಾಯ ಅಗೆಯುವ ಮುಂಚೆ ಕೆಳಗಿನವರನ್ನು ಕರೆದು, ಕಾಫಿ ಕೊಟ್ಟು, ಕಿಂಡಿ ಎಲ್ಲೆಲ್ಲಿ ಬರುತ್ತದೆ, ನೀರು ಯಾವ ಕಡೆ ಹೋಗುತ್ತದೆ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿ.